ಗೇಣಿಗಿಂತ ಆಳ ಅಗೆಯದ ಪಟ್ಟಾಭಿರಾಮ

ಶನಿವಾರ ಬೆಳಿಗ್ಗೆ ಆರೂ ಮುಕ್ಕಾಲು. ಸಿಂಗಾಪುರದ ಈಸ್ಟ್ ಕೋಸ್ಟ್ ಕಡಲತೀರದಲ್ಲಿ ಸೂರ್ಯ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ತೊಂಬತ್ತೇಳರ ಈ ಸೆಪ್ಟೆಂಬರಿನಲ್ಲಿ ಪಕ್ಕದ ಇಂಡೊನೇಷ್ಯಾದಿಂದ ಬರುವ ಕಾಡ್ಗಿಚ್ಚಿನ ಹೊಗೆಯಲ್ಲಿ ಕಣ್ಣಿಗೆ ಬೀಳುವುದು ಅನುಮಾನ. ಐವತ್ತೇಳು ವರ್ಷದ ಪಟ್ಟಾಭಿರಾಮ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ನಿಂತಿದ್ದಾರೆ. ಒಂದು ಕೈಯಲ್ಲಿ ಲೋಹ ಪತ್ತೆ ಮಾಡುವ ಯಂತ್ರ, ಇನ್ನೊಂದರಲ್ಲಿ ಮನೆಯಿಂದ ಎತ್ತಿಕೊಂಡು ಬಂದ ಬೋಂಡ ಕರಿಯುವ ಜಾಲರಿ ಸೌಟು. ಯಂತ್ರ ಇನ್ನೂ ಆನ್ ಆಗಿಲ್ಲ. ಮೊದಲು ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಕಾಗದ ತೆಗೆದು, ಕನ್ನಡಕ ಏರಿಸಿ, ಅದರ ಮೇಲಿನ ತಾರೀಖು ಓದುತ್ತಾರೆ.

"ನಿನ್ನೆ ಸಂಜೆ ಪೋಸ್ಟ್ ಬಂದಾಗಿಂದ ಇದು ಐದನೇ ಸಲ ಓದ್ತಿರೋದು," ಎನ್ನುತ್ತಾರೆ ಪತ್ನಿ ವತ್ಸಲಾ. "ನನ್ನ ಕಾಗದಾನೂ ಇಷ್ಟು ಸಲ ಓದಿರಲಿಲ್ಲ ಇವರು."

ಪಟ್ಟಾಭಿರಾಮ ನಗುತ್ತಾರೆ. ಹತ್ತು ಹೆಜ್ಜೆ ಆಚೆ ನಿಂತ ಜಲಜಾಗೆ ನಗು ಬರುತ್ತಿಲ್ಲ. ಹದಿಮೂರು ದಿನದಿಂದ ಆಕೆಯ ಅಮ್ಮನ ಚಿನ್ನದ ಅವಲಕ್ಕಿ ಸರ ಇಲ್ಲೆಲ್ಲೋ ಮರಳಿನಡಿ ಬಿದ್ದಿದೆ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅವರ ಮೈಮೇಲಿದ್ದದ್ದು ಅಂತ ಉಳಿದಿದ್ದು ಅದೊಂದೇ.

ಅದು ಕಳೆದದ್ದು ಕಳ್ಳರಿಂದಲ್ಲ, ಭಕ್ತಿಯಿಂದಲೇ. ಗೌರಿ ಹಬ್ಬದ ದಿನ, ಮೈಸೂರಿನಿಂದ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗೇಣುದ್ದದ ಮಣ್ಣಿನ ಗೌರಿಗೆ ಜಲಜಾ ತಮ್ಮ ಕೊರಳಿನ ಸರವನ್ನೇ ತೆಗೆದು ಎರಡು ಸುತ್ತು ಹಾಕಿದರು. ಅವರ ಮನೆಯಲ್ಲಿ ಹಾಗೇ ರೂಢಿ. ಅದರ ಮೇಲೆ ಗೆಜ್ಜೆವಸ್ತ್ರ, ಅದರ ಮೇಲೆ ಸೇವಂತಿಗೆ. ಭಾನುವಾರ ಸಂಜೆ ಪತಿ ಮಧ್ವೇಶ್ ಗೌರಿ ಗಣೇಶರನ್ನು ಎತ್ತಿಕೊಂಡು ಮೊಣಕಾಲುದ್ದ ನೀರಿಗಿಳಿದು ಬಿಟ್ಟುಬಂದರು. ಟೋವಾ ಪಾಯೋದ ಮನೆಗೆ ಮರಳಿ, ಒಡವೆಯ ಡಬ್ಬಿ ತೆರೆದಾಗಲೇ ಜಲಜಾಗೆ ನೆನಪಾದದ್ದು, ಸರ ಗೌರಿಯ ಕೊರಳಲ್ಲೇ ಹೋಯಿತೆಂದು.

"ರಾಫೆಲ್ಸ್ ಪ್ಲೇಸ್‌ನಲ್ಲಿ ಇಡೀ ಬ್ಯಾಂಕಿನ ಲೆಕ್ಕ ಚೆಕ್ ಮಾಡ್ತೀನಿ," ಎನ್ನುತ್ತಾರೆ ಮಧ್ವೇಶ್ ತಲೆತಗ್ಗಿಸಿ. "ದೇವರ ಕುತ್ತಿಗೆ ಚೆಕ್ ಮಾಡ್ಲಿಲ್ಲ."

ಯಾರೋ ಹೇಳಿದರು: ಆಂಗ್ ಮೋ ಕಿಯೋದಲ್ಲಿ ಒಬ್ಬರು ಉಂಗುರದ ಅಂಕಲ್ ಇದ್ದಾರೆ, ಫೋನ್ ಮಾಡಿ.

ಉಂಗುರದ ಅಂಕಲ್ ಅಂದರೆ ಪಟ್ಟಾಭಿರಾಮ. ಹದಿನೆಂಟು ವರ್ಷದಿಂದ ಅಲ್ಲಿನ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಅವರ ಕೆಲಸ. ರಜೆಯ ದಿನ ಬೆಳಿಗ್ಗೆ ಮರಳಲ್ಲಿ ಹುಡುಕುವುದು ಅವರ ಇನ್ನೊಂದು ಕೆಲಸ, ಇದಕ್ಕೆ ಸಂಬಳವಿಲ್ಲ. ಆರು ವರ್ಷದಲ್ಲಿ ನಲವತ್ತಮೂರು ಉಂಗುರ, ಏಳು ಓಲೆ, ಒಂದು ಚಿನ್ನದ ಹಲ್ಲು ಸಿಕ್ಕಿವೆ. ಹಲ್ಲಿನ ಯಜಮಾನರು ಕೂಡ ಬಂದು ಒಯ್ದರಂತೆ! ಯಾರಾದರೂ ಏನಾದರೂ ಕೊಡಲು ಬಂದರೆ, ಒಂದು ಕಾಫಿ ಕುಡಿಸಿ ಸಾಕು ಎನ್ನುತ್ತಾರೆ.

ಆದರೆ ಜಲಜಾ ಫೋನ್ ಮಾಡಿದ ದಿನ ಅವರು ಯಂತ್ರ ಆನ್ ಮಾಡಲಿಲ್ಲ. ಕಡಲತೀರ ನೋಡಿಕೊಳ್ಳುವ ಕಚೇರಿ ಅವರಿಗೆ ವರ್ಷಕ್ಕೊಮ್ಮೆ ಕೊಡುವ ಅನುಮತಿ ಪತ್ರದ ಅವಧಿ ಆಗಸ್ಟ್ ಕೊನೆಗೇ ಮುಗಿದಿತ್ತು. ತಂಗಿಯ ಮಗಳ ಮದುವೆಗೆಂದು ಮೈಸೂರಿಗೆ ಹೋದವರು, ಓಡಾಟದಲ್ಲಿ ಅರ್ಜಿ ಹಾಕುವುದನ್ನೇ ಮರೆತಿದ್ದರು. "ತಪ್ಪು ನಂದೇ. ಊರಿಗೆಲ್ಲ ರೂಲ್ಸ್ ಹೇಳೋನು ನಾನು," ಎಂದು ಕೆನ್ನೆ ಬಡಿದುಕೊಳ್ಳುತ್ತಾರೆ. ಅಂದೇ ಅರ್ಜಿ ಕೊಟ್ಟರು. ಉತ್ತರಕ್ಕೆ ಎರಡು ವಾರ ಎಂದರು ಕಚೇರಿಯವರು.

ಜಲಜಾ ಇದೇ ಮರಳಿನ ಮೇಲೆ ನಿಂತು ಅತ್ತರು. "ಅಂಕಲ್, ಐದೇ ನಿಮಿಷ. ಯಾರು ನೋಡ್ತಾರೆ?"

"ಯಾರೂ ನೋಡಲ್ಲಮ್ಮ, ನಿಜ," ಎಂದರು ಪಟ್ಟಾಭಿರಾಮ. "ಆದ್ರೆ ಪರ್ಮಿಷನ್ ಇಲ್ದೆ ಹುಡುಕ್ತಿದ್ದೆ ಒಂದು ಕಾಲದಲ್ಲಿ. ಒಬ್ಬರ ಕಾಲು ಮುರೀತು."

ಅದು ತೊಂಬತ್ತೊಂದರ ಮಾತು. ಊರಿಗೆ ಹೊರಟ ಸಹೋದ್ಯೋಗಿಯಿಂದ ಯಂತ್ರ ಕೊಂಡ ಹೊಸತು. ಮರಳು ಎಲ್ಲರದ್ದು, ಕೇಳುವುದೇನು ಎಂದುಕೊಂಡಿದ್ದರು. ಒಂದು ಬೆಳಿಗ್ಗೆ ಮೊಳದುದ್ದ ಅಗೆದು, ಸಿಕ್ಕ ತುಕ್ಕು ಡಬ್ಬಿಯನ್ನು ಬೈದು, ಗುಂಡಿ ಮುಚ್ಚದೆ ಮುಂದೆ ಹೋದರು. ಹಿಂದೆಯೇ ವಾಕಿಂಗ್ ಬಂದ ತಾನ್ ಎಂಬ ಹಿರಿಯ ಚೀನೀ ಹೆಂಗಸಿನ ಕಾಲು ಅದರೊಳಗೆ ಹೋಯಿತು. ಆರು ವಾರ ಪ್ಲಾಸ್ಟರ್. ಆಸ್ಪತ್ರೆಗೆ ಕರೆದೊಯ್ದವರು ಇವರೇ. ಮಾರನೆಯ ದಿನ ಕಚೇರಿಗೆ ಹೋಗಿ, ಗುಂಡಿ ತೋಡಿದವನು ನಾನು ಎಂದು ಒಪ್ಪಿಕೊಂಡು, ನಿಯಮಗಳೇನು ಎಂದು ಕೇಳಿದವರೂ ಇವರೇ. ಅಂದಿನಿಂದ ಪ್ರತಿ ಚೀನೀ ಹೊಸ ವರ್ಷಕ್ಕೆ ಅವರ ಪದ್ಧತಿಯಂತೆ ಎರಡು ಕಿತ್ತಳೆ ಹಿಡಿದು ತಾನ್ ಆಂಟಿಯ ಮನೆಗೆ ಹೋಗುತ್ತಾರೆ.

ಆ ಪತ್ರದ ನಿಯಮಗಳು ಅವರಿಗೆ ಬಾಯಿಪಾಠ. ಬೆಳಿಗ್ಗೆ ಹತ್ತರ ನಂತರ ಹುಡುಕಬಾರದು. ಹುಲ್ಲಿನ ಮೇಲೆ, ಮರದ ಬೇರಿನ ಬಳಿ ಕೂಡದು. ಗೇಣಿಗಿಂತ ಆಳ ಅಗೆಯಬಾರದು. ಹಳೆಯ ಗುಂಡು, ಬಾಂಬಿನಂಥದ್ದು ಕಂಡರೆ ಮುಟ್ಟದೆ ಫೋನ್ ಮಾಡಬೇಕು. ಬೆಲೆಬಾಳುವುದು ಸಿಕ್ಕಿದರೆ ಪೊಲೀಸ್ ಪೋಸ್ಟಿಗೆ ಒಪ್ಪಿಸಬೇಕು. ತೋಡಿದ ಗುಂಡಿ ಮುಚ್ಚಬೇಕು.

ಜಲಜಾ ಎರಡು ದಿನ ಇವರ ಫೋನ್ ಎತ್ತಲಿಲ್ಲ. ಮೂರನೆಯ ಬೆಳಿಗ್ಗೆ ಮನೆಯ ಹಿಟ್ಟಿನ ಜರಡಿ ಹಿಡಿದು ತಾವೇ ಮರಳು ಜಾಲಿಸಲು ಬಂದರು. ಬಂದರೆ, ಅಲ್ಲಿ ಆಗಲೇ ಪಟ್ಟಾಭಿರಾಮ ಇನ್ನೊಂದು ಜರಡಿ ಹಿಡಿದು ಕೂತಿದ್ದಾರೆ!

"ಕೈಯಲ್ಲಿ ಜಾಲಿಸೋಕೆ ಪತ್ರ ಬೇಡ," ಎಂದರು. "ಆಫೀಸಿಗೆ ಫೋನ್ ಮಾಡಿ ಕೇಳಿಕೊಂಡೇ ಬಂದೆ."

ಅಂದಿನಿಂದ ಶಿಫ್ಟ್‌ಗೆ ಮುಂಚೆ ದಿನಾ ಒಂದು ಗಂಟೆ ಇಬ್ಬರೂ ಜಾಲಿಸಿದರು. ಸರ ಸಿಗಲಿಲ್ಲ. ಸಿಕ್ಕಿದ್ದು ಕಪ್ಪೆಚಿಪ್ಪು, ಬಾಟಲಿ ಮುಚ್ಚಳ, ಮತ್ತೆ ಜಲಜಾ ಹೇಳುವಂತೆ "ಒಬ್ಬ ಚಿಕ್ಕಪ್ಪ".

ಇವತ್ತು ಹೊಸ ಅನುಮತಿ ಪತ್ರ ಎದೆಯ ಮೇಲಿನ ಜೇಬಿನಲ್ಲಿದೆ. ಪಟ್ಟಾಭಿರಾಮ ಮಧ್ವೇಶ್‌ರನ್ನು ಗೌರಿ ಬಿಟ್ಟ ಸಂಜೆ ನಡೆದಂತೆಯೇ ನಡೆಸುತ್ತಾರೆ. "ಮೂರ್ತಿ ಕೈಯಲ್ಲಿದೆ ಅಂದ್ಕೊಳ್ಳಿ. ಭಾರಕ್ಕೆ ನಿಧಾನ ಹೋಗ್ತೀರಿ." ಹುಣ್ಣಿಮೆ ಕಳೆದು ನಾಲ್ಕು ದಿನ; ನೀರು ದೂರ ಸರಿದು, ಅಂದು ಮೊಣಕಾಲುದ್ದವಿದ್ದ ಜಾಗ ಈಗ ಬರೀ ಒದ್ದೆ ಮರಳು. ಯಂತ್ರ ಗುಂಯ್ ಎನ್ನುತ್ತ ಅತ್ತಿತ್ತ ತೂಗುತ್ತದೆ. ಒಂದು ಮುಚ್ಚಳ. ಹತ್ತು ಸೆಂಟಿನ ನಾಣ್ಯ. ಮತ್ತೊಂದು ಮುಚ್ಚಳ. ಪ್ರತಿ ಗುಂಡಿಯನ್ನೂ ಮುಚ್ಚಿಯೇ ಮುಂದಿನ ಹೆಜ್ಜೆ. ಎಂಟು ಗಂಟೆಯಾಗುತ್ತದೆ. ವತ್ಸಲಾ ಜಲಜಾರ ಕೈ ಹಿಡಿದುಕೊಳ್ಳುತ್ತಾರೆ.

ಆಮೇಲೆ ಒಂದು ಸಣ್ಣ, ಮೆತ್ತಗಿನ ಸದ್ದು. ಪಟ್ಟಾಭಿರಾಮ ಮಂಡಿಯೂರಿ ಸೌಟು ಹಾಕುತ್ತಾರೆ. ನಾಲ್ಕು ಬೆರಳಾಯಿತು, ಎಂಟು ಬೆರಳಾಯಿತು, ಏನೂ ಇಲ್ಲ. ಅಂಗೈ ಇಳಿಸಿ ಅಳೆಯುತ್ತಾರೆ. ಗೇಣು ತುಂಬಲು ಎರಡು ಬೆರಳು ಬಾಕಿ. ಮತ್ತೆ ಸೌಟು ಹಾಕಿ ಮೇಲೆತ್ತಿ ಅಲುಗಾಡಿಸಿದರೆ ಮರಳು ಸುರಿದುಹೋಗಿ, ಜಾಲರಿಯಲ್ಲಿ ಒಂದು ಹಿಡಿ ಜೇಡಿಮಣ್ಣು, ಗೆಜ್ಜೆವಸ್ತ್ರದ ಎಳೆ, ಅದರೊಳಗೆ ಸುತ್ತಿಕೊಂಡ ಹಳದಿ ಮಿಣುಕು.

ಜಲಜಾ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಗಟ್ಟಿಯಾಗಿ ಅಳುತ್ತಾರೆ. ಪಟ್ಟಾಭಿರಾಮ ಕನ್ನಡಕ ಒರೆಸಿಕೊಳ್ಳುವ ನೆಪ ಮಾಡುತ್ತಾರೆ.

"ಹಾಕ್ಕೊಳ್ಳೇ," ಎನ್ನುತ್ತಾರೆ ಮಧ್ವೇಶ್.

"ಈಗ್ಲೇ ಇಲ್ಲ ರೀ. ಮೊದ್ಲು ಪೊಲೀಸ್ ಪೋಸ್ಟ್. ಅಮ್ಮ ಇದನ್ನ ಹಾಕ್ಕೊಂಡಿರೋ ಫೋಟೋ ತಂದಿದೀನಿ. ಅಲ್ವಾ ಅಂಕಲ್?"

ಪಟ್ಟಾಭಿರಾಮ ತಲೆಯಾಡಿಸುತ್ತಾರೆ. ಏನಾದರೂ ಕೊಡಲೇಬೇಕು ಎಂದು ಮಧ್ವೇಶ್ ಹಟ ಹಿಡಿದಾಗ, "ಬರೋ ವರ್ಷ ಜುಲೈನಲ್ಲಿ ಫೋನ್ ಮಾಡಿ, ಅರ್ಜಿ ಹಾಕು ಅಂತ ನೆನಪಿಸಿ. ಅಷ್ಟೇ ಸಾಕು," ಎನ್ನುತ್ತಾರೆ.

ಹೊರಡುವ ಮೊದಲು ಅವರು ಗುಂಡಿಯತ್ತ ತಿರುಗಿದರೆ, ಜಲಜಾ ಆಗಲೇ ಸರವನ್ನು ಗಂಡನ ಕೈಗಿತ್ತು, ಮಂಡಿಯೂರಿ ಮರಳು ತುಂಬುತ್ತಿದ್ದಾರೆ. ತುಂಬಿ, ಅಂಗೈಯಿಂದ ಒತ್ತಿ ಒತ್ತಿ ಸಮ ಮಾಡುತ್ತಾರೆ. ಪಟ್ಟಾಭಿರಾಮ ಅದರ ಮೇಲೆ ಹಿಮ್ಮಡಿ ಊರಿ, ಪೂರ್ತಿ ಭಾರ ಬಿಟ್ಟು ನಿಂತು ನೋಡುತ್ತಾರೆ. ಕಾಲು ಕುಸಿಯುವುದಿಲ್ಲ.

"ಸರಿಯಾಗಿದೆ ಕಣಮ್ಮ," ಎನ್ನುತ್ತಾರೆ. "ಈಗ ತಾನ್ ಆಂಟಿ ಆರಾಮಾಗಿ ನಡೀಬಹುದು."