ಹುಲಿಗೆವ್ವ ನೋಡಿ ಹೇಳಿದ ಮೇಲೆ

ಉಣಕಲ್ಲಿನಿಂದ ಗೋಪನಕೊಪ್ಪದ ಕಡೆ ಹೋಗುವ ಹಾದಿಯಲ್ಲಿ ಮಹಾದೇವಿ ಟಾಕೀಸು ಅಂತ ಒಂದಿತ್ತು. ಈಗ ಅಲ್ಲಿ ಫರಸಿ ಕಲ್ಲಿನ ಅಂಗಡಿ ಆಗಿದೆ. ಮೇಲೆ ಸಿಮೆಂಟಿನ ತಗಡು, ಒಳಗೆ ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಬೆಂಚು, ನಡುವೆ ಎದೆಮಟ್ಟದ ಗೋಡೆ. ಜೋರು ಮಳೆ ಬಂದರೆ ಮಾತು ಕೇಳುತ್ತಿರಲಿಲ್ಲ, ಬಾಯಿ ನೋಡಿ ತಿಳಿದುಕೊಳ್ಳಬೇಕು. ಹುಬ್ಬಳ್ಳಿ ಪೇಟೆಯಲ್ಲಿ ಆಡಿ ಹಳತಾದ ಚಿತ್ರಗಳೇ ನಮ್ಮಲ್ಲಿಗೆ ಬರುತ್ತಿದ್ದವು. ಪೇಟೆಯವರಿಗೆ ಹಳತು, ನಮಗೆ ಹೊಸದು.

ಹೆಂಗಸರ ಬಾಗಿಲಿಗೆ ನೀಲಿ ಪರದೆ. ಪರದೆಯ ಪಕ್ಕ ಒಂದು ಸ್ಟೂಲು. ಸ್ಟೂಲಿನ ಮೇಲೆ ಹುಲಿಗೆವ್ವ.

ಆಕೆ ಮೊದಲು ಅಲ್ಲಿ ಕಸ ಗುಡಿಸಲು ಸೇರಿದ್ದಳು. ಗಂಡ ಹುಚ್ಚಪ್ಪ ಚೀಲ ಹೊರುವ ಹಮಾಲ. ಒಂದು ದಿನ ಚೀಲದ ಸಮೇತ ಬಿದ್ದು ನಡ ಮುರಿದುಕೊಂಡು ಹಾಸಿಗೆ ಹಿಡಿದ. ಆಮೇಲೆ ಆ ಮನೆ ನಡೆದದ್ದು ಹುಲಿಗೆವ್ವನ ಪಗಾರದಲ್ಲೇ. ಹೆಂಗಸರ ಬಾಗಿಲಿಗೆ ಗಂಡಸು ಬೇಡ ಅಂತ ಮಾಲೀಕರ ತಾಯಿ ಹಠ ಹಿಡಿದದ್ದರಿಂದ ಕಸಬರಿಗೆ ಬಿಟ್ಟು ಸ್ಟೂಲು ಏರಿದಳು. ಓದು ಬರಹ ನನಗಿಂತಲೂ ಕಡಿಮೆ. ನಾನು ಮೂರನೇ ಇಯತ್ತೆ, ಆಕೆ ಸಾಲಿ ಮೆಟ್ಟಿಲೇ ಹತ್ತಿದವಳಲ್ಲ. ಆದರೆ ಶುಕ್ರವಾರ ಮೊದಲ ಆಟ ನಿಂತುಕೊಂಡು ಪೂರ್ತಿ ನೋಡುವಳು. ಒಮ್ಮೆ ನೋಡಿದರೆ ಮುಗಿಯಿತು, ಯಾವ ಮಾತಿನ ಹಿಂದೆ ಯಾವ ಮಾತು ಅಂತ ಸೈತ ಹೇಳುವಳು.

ಶನಿವಾರ ಬೆಳಿಗ್ಗೆ ಬೋರವೆಲ್ಲಿನ ಹತ್ತಿರ ಕೊಡ ಇಟ್ಟುಕೊಂಡು ನಾವೆಲ್ಲ ಆಕೆಯ ದಾರಿ ಕಾಯುತ್ತಿದ್ದೆವು. ಆಕೆ ಹೇಳದೆ ನಮ್ಮ ಓಣಿಯ ಹೆಂಗಸರು ಟಿಕೀಟು ತೆಗೆಸುತ್ತಿರಲಿಲ್ಲ. ಚಿತ್ರ ಛಲೋ ಇದೆ, ಕೆಟ್ಟದಿದೆ ಅಂತ ಬರೀ ಅಷ್ಟೇ ಹೇಳುವವಳಲ್ಲ ಆಕೆ. ಯಾರು ನೋಡಬಹುದು, ಯಾರು ನೋಡಬಾರದು ಅಂತ ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವಳು.

“ಬಸರಾದವ್ರು ಬರಬ್ಯಾಡ್ರೆವಾ, ಹಾವು ಭಾಳ ಅದಾವ.”

“ನೀ ರೊಟ್ಟಿ ಬಡದಿಟ್ಟು ಸಾವಕಾಶ ಬಾ. ಮೊದಲ ಅರ್ಧಾ ತಾಸು ಬರೇ ಗುದ್ದಾಟ.”

“ಅತ್ತೀನ ಕರಕೊಂಡ ಬರಬೌದು. ಹಾಡು ಬಂದಾಗ ನೀರಿನ ನೆವಾ ಹೇಳಿ ಹೊರಗ ಕರಕೊಂಡ ಬಾ, ಮುಗದ ಕೂಡ್ಲೆ ನಾ ಒಳಗ ಕಳಸ್ತೇನಿ.”

ನಾನು ನಮ್ಮ ಅತ್ತೆಯ ಜೋಡಿ ಹಾಗೆ ಮೂರು ಸಲ ಎದ್ದು ಹೊರಗೆ ಬಂದು ನೀರು ಕುಡಿದದ್ದುಂಟು. ಮನೆಗೆ ಬಂದು ಅತ್ತೆ, “ಎಂಥಾ ಮರ್ಯಾದಸ್ತ ಪಿಚ್ಚರ!” ಅಂದರು.

ಎಲ್ಲ ಸಲ ಆಕೆಯ ಮಾತು ನನಗೆ ಒಪ್ಪಿಗೆಯಾಗುತ್ತಿತ್ತು ಅಂತಲ್ಲ. ಒಂದು ಚಿತ್ರದಲ್ಲಿ ಹೊಳೆ ಬಂದು ಊರು ಕೊಚ್ಚಿಹೋಗುತ್ತದೆ. ನಾನು ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡು ಬಂದರೆ ಈಕೆ, “ಹೋಗ ಕಾವೇರಕ್ಕ! ಮನಿ ಹೋತು, ಎತ್ತು ಹೋದು, ಆಕಿ ಸೀರಿ ಇಸ್ತ್ರಿ ಮುರದಿಲ್ಲ. ಅದಕ್ಯಾಕ ಅಳ್ತಿ?” ಅಂದು ನಗಿಸಿಬಿಟ್ಟಳು. ನನಗೆ ಸಿಟ್ಟೂ ಬಂತು. ನನಗೆ ಆ ಚಿತ್ರ ಸೇರಿತ್ತು, ಈಗಲೂ ಸೇರುತ್ತದೆ.

ಮಾಲೀಕ ನೀಲಕಂಠಪ್ಪನವರಿಗೆ ಮಾತ್ರ ಇದು ಗಂಟಲ ಮುಳ್ಳಾಯಿತು. ಹೆಂಗಸರು ಬಂದರೆ ಹಿಂದೆ ಮಕ್ಕಳು, ಗಂಡಂದಿರು ಎಲ್ಲ ಬರುತ್ತಿದ್ದರು. ಹೆಂಗಸರು ಬರದಿದ್ದರೆ ತಾರಿಹಾಳದ ಕಾರಖಾನೆ ಹುಡುಗರು ನಾಲ್ಕು ಮಂದಿ ಅಷ್ಟೇ. ಅಷ್ಟರಲ್ಲಿ ಮನೆಮನೆಗೆ ಕೇಬಲ್ ಬರತೊಡಗಿತ್ತು. ತೊಂಬತ್ತೇಳರ ದೀಪಾವಳಿಯ ವಾರ ಅವರು ಹಬ್ಬಕ್ಕೆ ಅಂತ ಬಹಳ ಆಸೆಯಿಂದ ಒಂದು ಚಿತ್ರ ತಂದರು. ಶನಿವಾರ ನಾವು ಬೋರವೆಲ್ಲಿನ ಹತ್ತಿರ ಕಾದದ್ದೇ ಬಂತು, ಹುಲಿಗೆವ್ವ ನೀರಿಗೇ ಬರಲಿಲ್ಲ. ಹಿಂದಿನ ದಿನ ಆಟ ಬಿಟ್ಟ ಮೇಲೆ ಮಾಲೀಕರು ಕರೆದು, “ಇನ್ನ ಮ್ಯಾಲೆ ಯಾರ ಕೇಳಿದ್ರೂ ಛಲೋ ಐತಿ ಅನ್ನಬೇಕು. ಬ್ಯಾರೆ ಒಂದ ಮಾತ ಬಾಯಾಗಿಂದ ಬಂದ್ರ ನಿನ್ನ ಕೆಲಸಾ ಇಲ್ಲ” ಅಂದಿದ್ದರಂತೆ. ಇದು ನಮಗೆ ಆಮೇಲೆ ತಿಳಿಯಿತು.

ಹಬ್ಬದ ವಾರ, ಬಾಗಿಲಲ್ಲೇ ಆಕೆಯನ್ನು ಕೇಳಿದರಾಯಿತು ಅಂತ ರವಿವಾರ ಮೂರು ಗಂಟೆಯ ಆಟಕ್ಕೆ ಓಣಿಗೆ ಓಣಿಯೇ ಹೊರಟಿತ್ತು. ನನ್ನ ಮುಂದೆ ಮುರಿಗೆವ್ವ, ಆಕೆಯ ಸೊಸೆ ವಿದ್ಯಾ. ವಿದ್ಯಾಳ ಕೂಸು ಮೂರು ತಿಂಗಳದ್ದಾಗಿ ಶ್ರಾವಣದಲ್ಲಿ ತೀರಿಕೊಂಡಿತ್ತು. ಅಂದಿನಿಂದ ಹುಡುಗಿ ಹೊಸ್ತಿಲು ದಾಟಿರಲಿಲ್ಲ, ಅತ್ತಿರಲೂ ಇಲ್ಲ. ಹಬ್ಬದ ದಿನ ಸ್ವಲ್ಪ ನಗಲಿ ಅಂತ ಮುರಿಗೆವ್ವನೇ ಕೈ ಹಿಡಿದು ಕರೆತಂದಿದ್ದಳು.

ಪರದೆಯ ಹತ್ತಿರ ನಿಂತು ಮುರಿಗೆವ್ವ ಮೆಲ್ಲಗೆ ಕೇಳಿದಳು: “ಹುಲಿಗೆವ್ವ, ಈಕಿ ನೋಡೂ ಹಂಗ ಐತಿಲ್ಲ?”

ನೀಲಕಂಠಪ್ಪನವರು ಎರಡು ಮಾರು ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಹುಲಿಗೆವ್ವ ಅವರನ್ನು ನೋಡಿದಳು, ಟಿಕೀಟು ಹರಿದಳು.

“ಛಲೋ ಐತಿ, ಹೋಗ್ರಿ.”

ಅಷ್ಟೇ. ಆಕೆಯ ಬಾಯಿಂದ ಅಷ್ಟು ಸಣ್ಣ ಮಾತು ನಾನು ಕೇಳಿದ್ದು ಅದೇ ಮೊದಲು.

ಮಧ್ಯಂತರದವರೆಗೆ ಚಿತ್ರ ನಗೆಚಾಟಿಕೆಯಲ್ಲಿ ಹೋಯಿತು. ವಿದ್ಯಾ ಕೂಡ ಒಂದೆರಡು ಸಲ ತುಟಿ ಬಿಚ್ಚಿದಳು. ಮತ್ತೆ ಆಟ ಶುರುವಾಗುವ ಗಂಟೆ ಬಾರಿಸಿದ ಕೂಡಲೇ ಹುಲಿಗೆವ್ವ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ಬೆಂಚಿನ ಸಾಲಿನೊಳಗೆ ನುಗ್ಗಿ ವಿದ್ಯಾಳ ರಟ್ಟೆ ಹಿಡಿದಳು.

“ಏಳವಾ, ಹೊರಗ ಬಾ. ಕೆಲಸ ಐತಿ.”

“ಈಗೇನ್ ಕೆಲಸ ಕಾಕಿ? ಶುರು ಆತು.”

“ಏಳಂದ್ರ ಏಳು.”

ನಾನೂ ಎದ್ದು ಹಿಂದೆಯೇ ಹೋದೆ. ಹೊರಗೆ ಪಡಸಾಲೆಯಲ್ಲಿ ನೀರಿನ ಟಾಕಿಯ ಕಟ್ಟೆಯ ಮೇಲೆ ಹುಡುಗಿಯನ್ನು ಕೂಡಿಸಿ ಹುಲಿಗೆವ್ವ ತಾನು ನೆಲಕ್ಕೆ ಕುಕ್ಕರಿಸಿದಳು.

“ಮುಂದ ಅದರಾಗ ಒಂದು ಕೂಸು ಹೋಗ್ತೈತವಾ. ಭಾಳ ಹೊತ್ತು ತೋರಸ್ತಾರ. ನೀ ನೋಡಬಾರ್ದು.”

ವಿದ್ಯಾ ಪರದೆಯ ಕಡೆ ತಿರುಗಿ ನೋಡಿದಳು. ಆಮೇಲೆ, “ಮದ್ಲ ಯಾಕ ಹೇಳಲಿಲ್ಲ ಕಾಕಿ? ನಮ್ಮತ್ತಿ ಕೇಳಿದ್ರಲ್ಲ” ಅಂದಳು.

“ಹೊಟ್ಟಿ ಸಲುವಾಗಿ ಸುಳ್ಳ ಹೇಳಿದ್ಯವಾ. ತಪ್ಪಾತು.”

ಹುಡುಗಿಗೆ ದುಃಖ ಒಮ್ಮೆಲೇ ಉಕ್ಕಿ ಬಂತು. ಹುಲಿಗೆವ್ವನ ಹೆಗಲಿಗೆ ತಲೆಕೊಟ್ಟು ದನಿ ತೆಗೆದು ಅತ್ತಳು. ಒಳಗೆ ತೆರೆಯ ಮೇಲೂ ಯಾರೋ ಅಳುತ್ತಿದ್ದರು. ಆದರೆ ಹೊರಗಿನದೇ ನನಗೆ ಜೋರಾಗಿ ಕೇಳುತ್ತಿತ್ತು. ನಾನು ತಂಬಿಗೆಯಲ್ಲಿ ನೀರು ಹಿಡಿದು ನಿಂತೆ. ಹುಲಿಗೆವ್ವ ಆಕೆಯ ಬೆನ್ನು ಸವರುತ್ತ, “ಅಳು, ಅಳು. ಯಾರ ಅಂಜಿಕಿ ಐತಿ ಇಲ್ಲಿ” ಅನ್ನುತ್ತಿದ್ದಳು.

ಅಷ್ಟರಲ್ಲಿ ಕಾಯುವವರಿಲ್ಲದ ಬಾಗಿಲಿನಿಂದ ನಾಲ್ಕೈದು ಪುಂಡರು ಹೆಂಗಸರ ಕಡೆ ನುಗ್ಗಿ ಒಳಗೆ ಗದ್ದಲವೋ ಗದ್ದಲ. ನೀಲಕಂಠಪ್ಪನವರು ಓಡಿ ಬಂದರು. ಆರು ಗಂಟೆಯ ಆಟಕ್ಕೆ ಹೆಂಗಸರು ಸಾಲಾಗಿ ನಿಂತು ಪಾಳಿ ಆಗಲೇ ಹತ್ತಿತ್ತು.

“ಬಾಗಲಾ ಬಿಟ್ಟು ಇಲ್ಲೇನ ಹರಟಿ ಹೊಡಿಯಾಕತ್ತೀ?”

ಹುಲಿಗೆವ್ವ ಎದ್ದಳು. ಅವರಿಗೆ ಉತ್ತರ ಕೊಡಲಿಲ್ಲ. ಪಾಳಿಯ ಕಡೆ ತಿರುಗಿ ದನಿ ಏರಿಸಿದಳು: “ನಾ ಛಲೋ ಐತಿ ಅಂದದ್ದು ಸುಳ್ಳ ನೋಡ್ರೆವಾ. ಅದರಾಗ ಕೂಸು ಸಾಯ್ತೈತಿ. ತಡಕೊಳ್ಳೂ ಶಕ್ತಿ ಇದ್ದವ್ರು ನೋಡ್ರಿ, ಇಲ್ದವ್ರು ಮನಿಗೆ ಹೋಗ್ರಿ.”

ಪಾಳಿ ಅರ್ಧ ಕರಗಿತು. ನೀಲಕಂಠಪ್ಪನವರು ಹೊರಗೆ ರಸ್ತೆಯ ಕಡೆ ಬೆರಳು ತೋರಿಸಿದರು. ಹುಲಿಗೆವ್ವ ಚಪ್ಪಲಿ ಮೆಟ್ಟಿಕೊಂಡು ವಿದ್ಯಾಳ ಕೈ ಹಿಡಿದು ಹೊರಟಳು.

ಮುಂದಿನ ಶನಿವಾರ ಬೋರವೆಲ್ಲಿಗೆ ಬಂದಳು. ನಾವು ರೂಢಿಯ ಪ್ರಕಾರ, “ಈ ಸಲದ್ದು ಹೆಂಗೈತಿ?” ಅಂದೆವು.

“ನೋಡಿಲ್ಲವಾ. ನೋಡದ್ದು ಹೆಂಗ ಹೇಳ್ಲಿ?”

ಆ ವಾರ ನಾವು ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಇದರಲ್ಲಿ ಹಠ, ಜಿದ್ದು ಏನೂ ಇರಲಿಲ್ಲ. ಒಳಗೆ ಹಾವಿದೆಯೋ, ಸಾವಿದೆಯೋ, ಅತ್ತೆಯ ಮುಂದೆ ನೋಡುವಂಥದ್ದೋ ಅಲ್ಲವೋ, ಯಾರಿಗೆ ಗೊತ್ತು? ಆ ಬಾಗಿಲಿಗೆ ಕೂಡಿಸಿದ್ದ ಹೊಸ ಹೆಂಗಸನ್ನು ಕೇಳಿದರೆ ಎಲ್ಲಕ್ಕೂ “ಛಲೋ ಐತ್ರಿ” ಅನ್ನುತ್ತಿದ್ದಳು. ಹುಲಿಗೆವ್ವ ಅವರಿವರ ಮನೆಯ ಮುಸುರೆ ತಿಕ್ಕಲು ಹಿಡಿದಳು. ಹುಚ್ಚಪ್ಪನ ಔಷಧಕ್ಕೆ ಅದು ಸಾಲುತ್ತಿರಲಿಲ್ಲ, ನಮಗೆ ಅದು ಕಾಣುತ್ತಿತ್ತು.

ಮೂರನೆಯ ವಾರ ಮಾಲೀಕರು ಮಷೀನು ನಡೆಸುವ ಶರೀಫಸಾಬನನ್ನು ಕಳಿಸಿದರು. ನಾನು ಅವಳ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದೆ.

“ಹುಲಿಗೆಕ್ಕಾ, ಸಾವ್ಕಾರ್ರು ಕರ್ಯಾಕತ್ತಾರ. ಹಳೇ ಪಗಾರಾನ.”

“ನೋಡಿದ್ದು ಹೇಳಾಕ ಬಿಡ್ತಾರೇನು, ಕೇಳಿದಿ?”

“ಅದನ್ನ ನಾ ಹೆಂಗ ಕೇಳ್ಲಿ?”

“ಹಂಗಾದ್ರ ಅವ್ರೇ ಬಂದು ಹೇಳ್ಲಿ.”

ಶರೀಫಸಾಬ ಹೋದ ಮೇಲೆ ನಾನು ಬೈದೆ. “ಮನ್ಯಾಗ ಜ್ವಾಳ ಇಲ್ಲ, ನಿನಗ ಬಿಗುಮಾನ.”

“ಬಿಗುಮಾನ ಅಲ್ಲ ಕಾವೇರಕ್ಕ. ಹೊಳ್ಳಿ ಅದ ಸ್ಟೂಲಿನ ಮ್ಯಾಲ ಕುಂತು ಸುಳ್ಳ ಹೇಳಂದ್ರ, ಆ ಹುಡುಗಿ ಮಾರಿ ಕಣ್ಣ ಮುಂದ ಬರ್ತೈತಿ. ನನ್ನ ಕೈಲೆ ಆಗಂಗಿಲ್ಲ.”

ಎರಡು ದಿನ ಬಿಟ್ಟು ನೀಲಕಂಠಪ್ಪನವರೇ ಬಂದರು. ಒಳಗೆ ಬರಲು ಬಗ್ಗಬೇಕಾದ ಬಾಗಿಲು. ಬಗ್ಗಿ ಬಂದರು. ಹಾಸಿಗೆಯಲ್ಲಿದ್ದ ಹುಚ್ಚಪ್ಪನೇ ಮೊದಲು ಬಾಯಿ ಬಿಟ್ಟ: “ಕರಕೊಂಡ ಹೋಗ್ರಿ ಸಾವ್ಕಾರ್ರ, ಪುಣ್ಯಾ ಬರ್ತೈತಿ. ನೋಡಾಕ ಪಿಚ್ಚರ ಇಲ್ದ ಈಕಿ ನನ್ನ ನೋಡಿ ನೋಡಿ ತಪ್ಪ ಹುಡಕಾಕತ್ತಾಳ.”

ಮಾಲೀಕರಿಗೂ ನಗೆ ತಡೆಯಲಿಲ್ಲ. “ನಿನಗ ತಿಳಿದದ್ದ ಹೇಳ ಮಾರಾಯ್ತಿ,” ಅಂದರು. “ಆದ್ರ ಸ್ವಲ್ಪ ಮೆತ್ತಗ ಹೇಳು.”

“ಮೆತ್ತಗ ಹೇಳಾಕ ನನಗ ಬರಂಗಿಲ್ರಿ.”

“ಹೋಗ್ಲಿ, ಜೋರಾಗೇ ಹೇಳು.”

ಆ ಶುಕ್ರವಾರ ಹುಲಿಗೆವ್ವ ಮೊದಲಿನ ಹಾಗೆ ನಿಂತೇ ಪೂರ್ತಿ ಆಟ ನೋಡಿದಳು. ಶನಿವಾರ ಬೋರವೆಲ್ಲಿನ ಹತ್ತಿರ ಅದನ್ನು ಎಳೆ ಎಳೆಯಾಗಿ ಬಿಡಿಸಿಟ್ಟಳು. ರವಿವಾರ ಬೆಂಚು ಸಾಲದೆ ನಾವು ಕೆಲವರು ನೆಲಕ್ಕೆ ಕುಳಿತೆವು. ಮುರಿಗೆವ್ವನ ಜೋಡಿ ವಿದ್ಯಾಳೂ ಬಂದಿದ್ದಳು. ಟಿಕೀಟು ಹರಿಯುವಾಗ ಹುಲಿಗೆವ್ವ ಆಕೆಗೆ, “ನಗೂದೈತಿ, ಧೈರ್ಯಲೆ ಹೋಗು” ಅಂದದ್ದನ್ನು ನಾನು ಕೇಳಿಸಿಕೊಂಡೆ.

ಪಾಳಿ ಒಳಗೆ ಹೋದ ಮೇಲೆ, ನಾನಿನ್ನೂ ಪರದೆಯ ಹಿಂದೆ ಇರುವಾಗಲೇ, ನೀಲಕಂಠಪ್ಪನವರು ಆಚೆ ಈಚೆ ನೋಡಿ ಸ್ಟೂಲಿನ ಹತ್ತಿರ ಬಂದರು.

“ಹುಲಿಗೆವ್ವ, ನಮ್ಮ ಅವ್ವಾರನ್ನ ಕರಕೊಂಡ ಬರಬೌದನ ಇದಕ್ಕ?”

ಆಕೆ ಹರಿದ ಟಿಕೀಟಿನ ಚೂರುಗಳನ್ನು ಒಟ್ಟುಮಾಡಿದಳು.

“ಬ್ಯಾಡ್ರಿ. ಇದರಾಗ ಮಗ ತಾಯಿ ಮಾತ ಕೇಳಂಗಿಲ್ಲ. ಬರೂ ವಾರ ನೋಡೋಣು.”

“ಹ್ಞೂಂ, ಬರೂ ವಾರ ನೋಡೋಣು” ಅಂತ ಮಾಲೀಕರು ತಲೆಯಾಡಿಸಿ ಹೋದರು.