ಅನುಸೂಯಮ್ಮನ ಕೂಗು

ಮಾಲೇಕಲ್ಲು ಬೆಟ್ಟದ ಹಿಂಬದಿಯಲ್ಲಿ ಯಾರಾದರೂ ದಾರಿ ತಪ್ಪಿದರೆ ಹುಡುಕಿಕೊಂಡು ಹೋಗುವ ಊರವರದೇ ಒಂದು ತಂಡವಿದೆ. ಸಂಬಳವಿಲ್ಲ, ಸವಲತ್ತಿಲ್ಲ; ಕೈಯಲ್ಲೊಂದು ಕೋಲು, ಹೆಗಲ ಮೇಲೊಂದು ಹಗ್ಗ, ಅಷ್ಟೇ. ಅದರಲ್ಲಿ ಅನುಸೂಯಮ್ಮನ ಕೆಲಸ ಕೂಗುವುದು. ರಾಗಿ ಹೊಲದಲ್ಲಿ ಹಕ್ಕಿ ಓಡಿಸಿ ಪಳಗಿದ ಗಂಟಲು. ಅವಳು ಹೆಸರು ಹಿಡಿದು ಕೂಗಿದರೆ ಬೆಟ್ಟವೇ ಎದ್ದು ಬಂದೀತು ಎಂದು ಜೊತೆಯವರು ರೇಗಿಸುತ್ತಾರೆ. ಅವಳು ಕೂಗಿದ ಮೇಲೆ ಉಳಿದವರೆಲ್ಲ ಮಾತು ನಿಲ್ಲಿಸಿ ಕಿವಿಗೊಡಬೇಕು.

ಇಷ್ಟು ಜನರನ್ನು ಕೂಗಿ ಕರೆದವಳು ತನ್ನ ಗಂಡನನ್ನು ಮಾತ್ರ ಹೆಸರು ಹಿಡಿದು ಕರೆದಿರಲಿಲ್ಲ. ತಪ್ಪಿಸಿಕೊಂಡ ಹಸುವನ್ನು ಅರಸಿ ಅವನು ಇದೇ ಬೆಟ್ಟ ಹತ್ತಿದ ದಿನ, ಕತ್ತಲಾಗುವ ತನಕ “ಏನ್ರೀ... ಏನ್ರೀ...” ಎಂದೇ ಕೂಗುತ್ತಾ ಅಲೆದಿದ್ದಳು. ಗಂಡನ ಹೆಸರೆತ್ತಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಎತ್ತದೆ ಉಳಿಸಿಕೊಂಡಿದ್ದಾದರೂ ಏನು? ಮರುದಿನ ಬಂಡೆಯ ಸಂದಿನಲ್ಲಿ ಹೆಣ ಸಿಕ್ಕಿತು. ಅಂದಿನಿಂದ ಅವಳಿಗೆ ಒಂದೇ ಆಸೆ. ಒಂದು ಸಲ ಆ ಹೆಸರನ್ನು ಬಾಯ್ತುಂಬ ಕೂಗಬೇಕು, ಆ ಕಡೆಯಿಂದ “ಓ” ಎನ್ನಿಸಿಕೊಳ್ಳಬೇಕು. ಮನೆಯ ಗೋಡೆಯ ಮುಂದೆ ನಿಂತು ಕೂಗಿದರೆ ಓಗೊಡುವವರು ಯಾರು?

ಮೊನ್ನೆ ಗೆಂಡೆಹಳ್ಳಿಯಿಂದ ದೇವರ ದರ್ಶನಕ್ಕೆ ಬಂದಿದ್ದ ಮುದುಕರೊಬ್ಬರು ಬೆಟ್ಟ ಇಳಿಯುವಾಗ ದಾರಿ ತಪ್ಪಿದರು. ತಂಡ ಸೇರಿತು. ತಂಡಕ್ಕೆ ಹಿರಿಯರಾದ ವಿಜಯಸಾರಥಿ ಮೇಷ್ಟ್ರು, “ಕಲ್ಲೇಶಪ್ಪ ಅಂತೆ ಅವ್ರ ಹೆಸರು” ಎಂದರು.

ಅನುಸೂಯಮ್ಮನ ಗಂಡನ ಹೆಸರೂ ಅದೇ. ಮೇಷ್ಟ್ರಿಗೆ ಅದು ಹೊಳೆದದ್ದು ಆಮೇಲೆ.

“ಬೇಡ್ರಮ್ಮ, ಇವತ್ತು ನಾನೇ ಕೂಗ್ತೀನಿ.”

“ನಿಮ್ ಗಂಟ್ಲು ಆ ಬಂಡೆ ದಾಟಲ್ಲ ಮೇಷ್ಟ್ರೇ, ಬಿಡಿ.”

ಬಂಡೆಯ ನೆತ್ತಿಗೆ ಹತ್ತಿ ನಿಂತಳು. ನಾಲಿಗೆ ಹೊರಳಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಕೂಗಿದಳು.

“ಕಲ್ಲೇಶಪ್ಪಾ...”

“ಓ...” ಕೆಳಗಿನ ಪೊದೆಗಳ ಕಡೆಯಿಂದ ಬಂತು ದನಿ.

ಮೇಷ್ಟ್ರೂ ಉಳಿದವರೂ ಹಗ್ಗ ಹಿಡಿದು ಅತ್ತ ಓಡಿದರು. ಅನುಸೂಯಮ್ಮ ನಿಂತಲ್ಲೇ ನಿಂತು ಕೂಗುತ್ತಲೇ ಇದ್ದಳು. ಕೂಗಿದಷ್ಟೂ ಆಸೆ ಹೆಚ್ಚಿತೇ ಹೊರತು ತಣಿಯಲಿಲ್ಲ.

ಕಾಲು ಉಳುಕಿಸಿಕೊಂಡಿದ್ದ ಮುದುಕರನ್ನು ಮೇಲೆ ತಂದು ಕೂರಿಸಿದರು. ಅವರು ನೀರು ಕುಡಿದು, ಸುಧಾರಿಸಿಕೊಂಡು, ಅವಳತ್ತ ತಿರುಗಿದರು.

“ಮೊದಲ್ನೇ ಕೂಗಿಗೇ ಓಗೊಟ್ನಲ್ಲವ್ವಾ. ಆಮೇಲೂ ಕೂಗ್ತಾನೇ ಇದ್ಯಲ್ಲ, ಯಾಕೆ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಮ್ಮನ್ನ ಕರ್ದಿದ್ದು ಒಂದೇ ಸಲ ಯಜಮಾನ್ರೇ. ಮಿಕ್ಕಿದ್ದೆಲ್ಲಾ ನಮ್ಮನೆಯವ್ರನ್ನ.”