ಕೈಚೀಲದಲ್ಲಿ ಸಿಕ್ಕ ಪೆಪ್ಪರ್ ಸ್ಪ್ರೇ

ಸ್ವೀಡನ್ನಿಗೆ ಏನು ತರಬಾರದೆಂದು ತಿಳಿದವರನ್ನು ಕೇಳಿಕೊಂಡು ಬಾ ಎಂದು ಅಲ್ಲಿ ಕೆಲಸದಲ್ಲಿರುವ ತಂಗಿ ಸುಮಿ ಹೇಳಿದ್ದಳು. ನಾನು ಕೇಳಲಿಲ್ಲ, ನನ್ನ ಏಳನೇ ಕ್ಲಾಸಿನ ಓದಿಗೆ ಇದೆಲ್ಲ ಅರ್ಥವಾದೀತೇ ಎಂಬ ನಾಚಿಕೆ. ಅವಳು ಒಬ್ಬಳೇ ಓಡಾಡುತ್ತಾಳೆಂದು, ಬೆಂಗಳೂರಿನಿಂದ ತಂದ ಪೆಪ್ಪರ್ ಸ್ಪ್ರೇಯನ್ನು ಅವಳ ಕೈಚೀಲದಲ್ಲಿ ಗುಟ್ಟಾಗಿ ಇಟ್ಟೆ.

ಇಂದು ಗೋಥೆನ್‌ಬರ್ಗ್‌ನ ಆಟದ ಮೈದಾನದ ಬಾಗಿಲಲ್ಲಿ ಚೀಲ ತಪಾಸಣೆ ಮಾಡಿದಾಗ ಅದು ಸಿಕ್ಕಿತು. ನಮ್ಮಲ್ಲಿ ಅಂಗಡಿಯಲ್ಲಿ ಕೊಳ್ಳುವ ಈ ಡಬ್ಬಿಗೆ ಇಲ್ಲಿ ಬಂದೂಕಿನಂತೆಯೇ ಲೈಸೆನ್ಸ್ ಬೇಕಂತೆ. ಕೇಸಾದರೆ ಸುಮಿಯ ವರ್ಕ್ ಪರ್ಮಿಟ್‌ಗೇ ತೊಂದರೆ. ಆದರೂ ಅವಳು ಬಾಗಿಲಲ್ಲಿದ್ದ ಪೊಲೀಸ್ ಹೆಂಗಸಿಗೆ ಅದು ತನ್ನದೇ ಎಂದಳು.

"ಅಕ್ಕ, ನೀನು ಸುಮ್ನಿರು. ನಿನ್ನನ್ನ ಸ್ಟೇಷನ್‌ಗೆ ಕರ್ಕೊಂಡ್ ಹೋದ್ರೆ ಅಲ್ಲೂ ಉಪ್ಪಿನಕಾಯಿ ಕೇಳ್ತೀಯ," ಎಂದು ನಗಲು ನೋಡಿದಳು.

ಅಲ್ಲಿನ ಭಾಷೆ ಬಾರದ ನಾನು ಪೊಲೀಸಿನವಳ ಮುಂದೆ ನಿಂತು, ಡಬ್ಬಿಯನ್ನೂ ನನ್ನ ಎದೆಯನ್ನೂ ಮುಟ್ಟಿ ತೋರಿಸಿದೆ. ಆಮೇಲೆ ತಂಗಿಯತ್ತ ತಿರುಗಿದೆ.

"ಇಟ್ಟಿದ್ದು ನಾನು ಅಂತ ಅವರಿಗೆ ಹೇಳೇ. ತಪ್ಪಾಯ್ತು ಕಣೇ, ಸುಮಿ."